ಲಂಕೆಯ ಹಳಿಯ ಮೇಲೆ ಕಾಕಾನ ಲಿಂಗ ಕಳೆದದ್ದು

ಸುರಂಗದ ಒಳಗೆ

"ಗ್ವಾಡಿಗೆ ಹತ್ರಿ, ಗ್ವಾಡಿಗೆ ಹತ್ರಿ," ಎಂದು ದಾದಾಪೀರ ಹಿಂದಿನಿಂದ ಕೂಗಿದ. ರೈಲು ಗಾಡಿಯ ದೀಪ ಆಗಲೇ ಸುರಂಗದ ಬಾಯಿಗೆ ಬಂದಿತ್ತು. ನಾನು ಶೆಟ್ಟರ ಬೆನ್ನುಚೀಲ ಹಿಡಿದು ಎಳೆದು, ಗೋಡೆಯಲ್ಲಿ ಕೊರೆದಿದ್ದ ಗೂಡಿನೊಳಗೆ ಅವರನ್ನು ತುರುಕಿ ನಾನೂ ಸೇರಿಕೊಂಡೆ. ಶೆಟ್ಟರು ಆಗಲೂ ಮೊಬೈಲ್ ಎತ್ತಿ ಹಿಡಿದೇ ಇದ್ದರು.

"ಒಳಗ ಇಡ್ರಿ ಅದನ್ನ," ಎಂದೆ.

"ವಿಡಿಯೋ ಛಲೋ ಬರ್ತೈತೋ ಬಸು."

"ಕೈನೂ ಹೋಗ್ತೈತಿ."

ಎದುರು ಗೋಡೆಯ ಗೂಡಿನಲ್ಲಿ ನಮ್ಮ ಕಾಕಾ ನಿಂತಿದ್ದ. ಮುಖ ಗೋಡೆಗೆ, ಬೆನ್ನು ಹಳಿಗೆ. ಒಂದು ಕೈಯಿಂದ ತಲೆಯ ಮೇಲೆ ಏನನ್ನೋ ಸಿಕ್ಕಿಸುತ್ತಿದ್ದ. ಟೋಪಿ ಹಾರಬಾರದೆಂದು ಹಿಡಿದುಕೊಂಡಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಗಾಡಿ ಬಂತು. ಸುರಂಗದಲ್ಲಿ ಗಾಡಿ ಎಂದರೆ ಗಾಳಿ, ಸದ್ದು, ಡೀಸೆಲ್ ಹೊಗೆ. ಗಾಳಿ ಮೊದಲು ನಮ್ಮನ್ನು ಗೋಡೆಗೆ ಒತ್ತಿತು, ಆಮೇಲೆ ಗೋಡೆಯಿಂದ ಕೀಳಲು ನೋಡಿತು. ಶೆಟ್ಟರು ನನ್ನ ಹೆಗಲು ಕಚ್ಚಿದಂತೆ ಹಿಡಿದಿದ್ದರು. ಬಾಗಿಲಲ್ಲಿ ಜೋತುಬಿದ್ದಿದ್ದ ಬಿಳಿ ಮಂದಿ ನಮ್ಮ ಕಡೆ ಕೈ ಬೀಸಿ ಕೂಗಿದರಂತೆ. ದಾದಾಪೀರ ನೋಡಿದ. ನನ್ನ ಕಣ್ಣು ಮುಚ್ಚಿದ್ದವು.

ಗಾಡಿ ಹೋಯಿತು. ಹೊರಗೆ ಬೆಳಕಿಗೆ ಬಂದ ಮೇಲೆ ಎಲ್ಲರೂ ಸುಮ್ಮಸುಮ್ಮನೆ ನಕ್ಕೆವು. ನಮ್ಮ ಜೊತೆ ಬಂದಿದ್ದ ಅಲ್ಲಿಯ ಗೈಡ್ ಸುನಿಲ್ ಮಾತ್ರ ನಗಲಿಲ್ಲ. ಗಾಡಿ ಬರುವ ಮೊದಲು ಆ ಸುರಂಗ ದಾಟಬೇಕೆಂದು ಅವನು ಒಂದೇ ಸಮನೆ ಹೇಳಿದ್ದ. ಶೆಟ್ಟರು ಸುರಂಗದ ಬಾಯಲ್ಲೇ ನಿಂತು ಫೋಟೋ ತೆಗೆದುಕೊಂಡು ತಡ ಮಾಡಿದ್ದರು. ಸುನಿಲ್ ತನ್ನ ಭಾಷೆಯಲ್ಲಿ ಏನೋ ಬೈದ. ಬೈಗುಳಕ್ಕೆ ತರ್ಜುಮೆ ಬೇಕಾಗಲಿಲ್ಲ.

ಒಹಿಯಾ

ನಾವು ಹತ್ತು ಮಂದಿ. ಹಳಿಯಾಳದಲ್ಲಿ ಅರಿವೆ ಅಂಗಡಿ ಇಟ್ಟಿರುವ ಶೆಟ್ಟರು ಆಗಾಗ ಊರ ಮಂದಿಯನ್ನು ಕಟ್ಟಿಕೊಂಡು ಎಲ್ಲಾದರೂ ಹೋಗುತ್ತಾರೆ. ಈ ಸಲ ಶ್ರೀಲಂಕಾ ಅಂದರು. ನಾನು ದಾಂಡೇಲಿಯಲ್ಲಿ ಸಫಾರಿ ಜೀಪು ಓಡಿಸುವವನು. ಮಳೆಗಾಲದಲ್ಲಿ ಸಫಾರಿ ಬಂದ್, ಅದಕ್ಕೆ ಹೊರಟೆ. ದಾದಾಪೀರ ನನ್ನ ಗೆಳೆಯ, ಲಾರಿ ಡ್ರೈವರ್. ದಾಂಡೇಲಿಯಿಂದ ಶಿವಕಾಶಿಗೆ ಕಾಗದ ಹೊತ್ತು ಹೊತ್ತು ಅವನಿಗೆ ತಮಿಳು ನಮ್ಮ ಕನ್ನಡದಷ್ಟೇ ಸಲೀಸು.

ಮತ್ತೆ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಶಿವಪುತ್ರಪ್ಪ. ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ. ಘಾಟಿನ ಹಳಿಯ ಮೇಲೆ ಸುತ್ತಿಗೆ ಹೊತ್ತು ನಡೆಯುವುದೇ ಅವನ ನೌಕರಿ. ಶೆಟ್ಟರು ಲಂಕೆಯಲ್ಲಿ ಗುಡ್ಡದ ರೈಲು ಹಳಿಯ ಮೇಲೆ ಒಂದು ದಿನ ನಡೆಯುವುದಿದೆ ಎಂದಾಗ ಕಾಕಾ ತಾನೂ ಬರುತ್ತೇನೆ ಅಂದ.

"ಜನ್ಮಪೂರ್ತಿ ಹಳೀ ಮ್ಯಾಲೇ ನಡದಿ. ಇನ್ನೂ ಸಾಕಾಗಿಲ್ಲೇನು?" ಎಂದು ನಾನು ಕೇಳಿದೆ.

"ಅದು ನೌಕರಿಲೇ. ಒಮ್ಮೆರ ಪುಕ್ಕಟೆ ನಡದು ನೋಡ್ತೇನಿ."

ವಿಮಾನದ ಬಗ್ಗೆ ಬರೆಯುವುದಿಲ್ಲ. ಕುಳಿತೆವು, ಇಳಿದೆವು. ಕೊಲಂಬೊ ಕೂಡ ಊರೇ, ದೊಡ್ಡದು.

ಒಹಿಯಾ ಬೇರೆ. ಅದು ಗುಡ್ಡದ ತಲೆಯ ಮೇಲಿನ ಸ್ಟೇಷನ್. ನಾವು ಹೋದಾಗ ಮೋಡ ಪ್ಲಾಟ್‌ಫಾರ್ಮಿನ ಮೇಲೇ ಮಲಗಿತ್ತು. ಸ್ಟೇಷನ್ ಮಾಸ್ತರ ಕುಂಡಗಳಲ್ಲಿ ಹೂವಿನ ಗಿಡ ಬೆಳೆಸಿದ್ದ. ಗಾಡಿ ಬಂದಾಗ ಡ್ರೈವರನ ಕೈಗೆ ದೊಡ್ಡದೊಂದು ಬಳೆಯಂಥ ರಿಂಗು ಕೊಡುತ್ತಿದ್ದ. ಅದು ಕೈಯಲ್ಲಿ ಇದ್ದರೆ ಮಾತ್ರ ಮುಂದಿನ ಹಳಿಗೆ ಹೋಗಬಹುದು. ಕಾಕಾ ಅದನ್ನು ನೋಡಿ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಅವನು ನೌಕರಿಗೆ ಸೇರಿದ ಕಾಲದಲ್ಲಿ ನಮ್ಮಲ್ಲೂ ಇಂಥದೊಂದು ಇತ್ತಂತೆ.

ಚಹಾ ಕುಡಿಯುವ ರೀತಿ ನನಗೆ ಇಷ್ಟವಾಯಿತು. ಚಹಾದಲ್ಲಿ ಸಕ್ಕರೆ ಇಲ್ಲ, ಹಾಲಿಲ್ಲ. ಬೆಲ್ಲದ ತುಂಡನ್ನು ಅಂಗೈಯಲ್ಲಿ ಕೊಡುತ್ತಾರೆ. ಒಂದು ಚೂರು ಕಡಿ, ಒಂದು ಗುಟುಕು ಕುಡಿ. ಕೆಲಸ ಮುಗಿಯಿತು.

ಅದಕ್ಕಿಂತ ಇಷ್ಟವಾದದ್ದು ಹಳಿ. ನಮ್ಮಲ್ಲಿ ದೂಧಸಾಗರ ನೋಡಲು ಹಳಿಯ ಮೇಲೆ ಕಾಲಿಟ್ಟರೆ ಪೊಲೀಸರು ಹಿಡಿದು ವಾಪಸ್ ಕಳಿಸುತ್ತಾರೆ. ಅಲ್ಲಿ ಹಳಿಯೇ ಊರ ದಾರಿ. ಸೀರೆ ಉಟ್ಟು ಛತ್ರಿ ಹಿಡಿದ ಹೆಂಗಸರು, ಕಾವಿ ಬಟ್ಟೆಯ ಭಿಕ್ಕು, ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತವನು, ಎಲ್ಲರೂ ಹಳಿಗುಂಟ ನಡೆಯುತ್ತಾರೆ. ಎದುರಾದವರು ನಗುತ್ತಾರೆ. ಸುಮ್ಮನೆ ಮುಖ ನೋಡಿ ಮುಂದೆ ಹೋಗುವವರು ಒಬ್ಬರೂ ಸಿಗಲಿಲ್ಲ. ಗಾಡಿ ಯಾವಾಗ ಬರುತ್ತದೆ ಎಂಬುದು ಅಡುಗೆಮನೆಯಲ್ಲಿದ್ದವರಿಗೂ ಗೊತ್ತು.

ಒಂದು ಕಡೆ ಬೆಟ್ಟ, ಅದರ ಮೇಲೆ ದಟ್ಟ ಕಾಡು, ಮರದ ಮೈತುಂಬ ಪಾಚಿ. ಇನ್ನೊಂದು ಕಡೆ ಏನೂ ಇಲ್ಲ. ಮೋಡ ಸರಿದಾಗ ಕೆಳಗೆ ಬಯಲು ಕಾಣುತ್ತಿತ್ತು, ಎಷ್ಟು ಕೆಳಗೆ ಎಂದರೆ ಅಲ್ಲಿ ಬಿಸಿಲಿತ್ತು. ನಾನು ಅಣಶಿ ಘಾಟು ನೂರಾರು ಸಲ ಹತ್ತಿ ಇಳಿದವನು. ಅಲ್ಲಿಯ ಕಾಡು ನಮ್ಮ ಅಣಶಿಗಿಂತ ದೊಡ್ಡದು ಎಂದು ಹೇಳುವುದಿಲ್ಲ. ಆದರೆ ಎತ್ತರ ಮಾತ್ರ ಒಪ್ಪಬೇಕು. ಉಂಬಳ ಎರಡೂ ಕಡೆ ಒಂದೇ. ರಕ್ತ ಹೀರುವಾಗ ಊರು ಕೇಳುವುದಿಲ್ಲ.

"ಹಳೀ ಹೆಂಗ ಬಗ್ಗಿಸ್ಯಾರ ನೋಡು, ಬಳೀ ಬಗ್ಗಿಸಿದಂಗ," ಎಂದು ಕಾಕಾ ಹೋಗುತ್ತಾ ಹೋಗುತ್ತಾ ಹೇಳುತ್ತಿದ್ದ. ನಾವೆಲ್ಲ ಸ್ಲೀಪರು ನೋಡಿ ನೋಡಿ ಹೆಜ್ಜೆ ಇಟ್ಟು ಮೊಣಕಾಲು ನೋಯಿಸಿಕೊಂಡೆವು. ಅವನು ಕೆಳಗೆ ನೋಡದೆ, ಮನೆಯ ಪಡಸಾಲೆಯಲ್ಲಿ ಅಡ್ಡಾಡಿದ ಹಾಗೆ ನಡೆದ.

ಝರಿಯ ಹತ್ತಿರ

ಸುರಂಗ ದಾಟಿ ಒಂದಷ್ಟು ನಡೆದ ಮೇಲೆ ಬೆಟ್ಟದಿಂದ ಝರಿಯೊಂದು ಹಳಿಯ ಪಕ್ಕಕ್ಕೆ ಇಳಿಯುತ್ತಿತ್ತು. ಸುನಿಲ್ ಅಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿದ. ಕಾಕಾ ಎಲ್ಲರಿಗಿಂತ ಮೊದಲು ಝರಿಗೆ ಹೋಗಿ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡ. ಅವನು ಎದೆಯ ಮೇಲೆ ಲಿಂಗ ಕಟ್ಟಿಕೊಂಡವನು. ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಅದಕ್ಕೆ ದಾರ. ದಿನಾ ಅದನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ನೀರು ಸಹ ಹಾಕುವುದಿಲ್ಲ. ಆ ದಿನ ಬೆಳಿಗ್ಗೆ ಎಲ್ಲರೂ ಅವಸರ ಮಾಡಿದ್ದರಿಂದ, ದಾರಿಯಲ್ಲಿ ನೀರು ಸಿಕ್ಕಲ್ಲಿ ಪೂಜೆ ಮಾಡಿದರಾಯಿತು ಎಂದು ಹಾಗೇ ಹೊರಟಿದ್ದ. ನಾವು ಬೆಲ್ಲ ಕಡಿದು ಚಹಾ ಕುಡಿದಾಗ ಅವನು ಸುಮ್ಮನೆ ರಿಂಗು ನೋಡುತ್ತಾ ನಿಂತಿದ್ದ.

ಅಂಗಿಯೊಳಗೆ ಕೈ ಹಾಕಿದ. ತೆಗೆದ. ಮತ್ತೆ ಹಾಕಿದ. ಆಮೇಲೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ತಲೆಯ ಮೇಲಿನ ಮಂಕಿ ಟೋಪಿ ತೆಗೆದು ಒಳಗೆ ನೋಡಿದ, ಅದನ್ನು ಜಾಡಿಸಿದ.

"ಬಸೂ," ಅಂದ. "ಲಿಂಗ ಇಲ್ಲಲೇ."

"ಎಲ್ಲಿ ಹೋತು?"

"ಬೋಗದ್ಯಾಗ ಟೊಪಗಿಗೆ ಸಿಗಿಸಿದ್ದೆ."

ಆಗ ನನಗೆ ಅರ್ಥವಾಯಿತು. ಕ್ಯಾಸಲ್‌ರಾಕ್ ಘಾಟಿನ ಸುರಂಗದಲ್ಲಿ ಗಾಡಿ ಬಂದಾಗ ಕಾಕಾ ಗೋಡೆಗೆ ಎದೆ ಹಚ್ಚಿ ನಿಲ್ಲುತ್ತಿದ್ದ. ಕರಡಿಗೆ ಕಲ್ಲಿಗೆ ತಾಗಬಾರದೆಂದು ಕೊರಳಿಂದ ತೆಗೆದು ತಲೆಗೆ ಸುತ್ತಿದ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ. ನೌಕರಿಯುದ್ದಕ್ಕೂ ಮಾಡಿದ್ದು ಅದೇ. ರುಮಾಲಿನಲ್ಲಿ ಎಷ್ಟು ಬೇಕಾದರೂ ಮಡಿಕೆ. ಇಲ್ಲಿ ರುಮಾಲು ಮಳೆಗೆ ತೊಯ್ದು ಚೀಲದಲ್ಲಿತ್ತು. ಚಳಿಗೆಂದು ಹಾಕಿಕೊಂಡ ಮಂಕಿ ಟೋಪಿಗೆ ಮಡಿಕೆಯೇ ಇಲ್ಲ. ಕೈ ತನ್ನ ಪಾಡಿಗೆ ಹಳೆಯ ಕೆಲಸ ಮಾಡಿತ್ತು. ಗಾಡಿಯ ಗಾಳಿ ಉಳಿದದ್ದು ಮಾಡಿತು.

ಶೆಟ್ಟರು ತಿಳಿದವರು, ಸಮಾಧಾನ ಹೇಳಲು ನೋಡಿದರು. "ಹೋಗ್ಲಿ ಬಿಡ್ರಿ ಕಾಕಾ. ಊರಿಗೆ ಹೋದಮ್ಯಾಗ ಮಠದಾಗ ಸ್ವಾಮಿ ಅಜ್ಜಾರು ಬ್ಯಾರೆ ಲಿಂಗ ಕೊಡ್ತಾರ. ಈಗ ಒಂಚೂರು ಊಟ ಮಾಡ್ರಿ."

"ಲಿಂಗಿಲ್ಲದ ಹೆಂಗ ಉಣ್ಲಿರಿ?"

"ನೀರರ ಕುಡಿ," ಎಂದು ನಾನು ಬಾಟಲಿ ಮುಂದೆ ಹಿಡಿದೆ.

"ಒಲ್ಲೆ."

"ಊರು ಮುಟ್ಟಾಕ ಇನ್ನ ನಾಕು ದಿನ ಐತಿ ಕಾಕಾ. ಅಲ್ಲೀತನ ಹಿಂಗ ಇರ್ತೀಯೇನು?"

ಅವನು ಚೀಲ ಹೆಗಲಿಗೇರಿಸಿ ಬಂದ ದಾರಿಯಲ್ಲೇ ವಾಪಸ್ ಹೊರಟ. ಎದ್ದಾಗಿನಿಂದ ಗುಟುಕು ನೀರಿಲ್ಲ, ತುಟಿ ಬಿಳಿಚಿದ್ದವು, ವಯಸ್ಸು ಅರವತ್ತು ದಾಟಿದೆ. ನನಗೆ ಸಿಟ್ಟು ಬಂತು. ನನ್ನ ಲಿಂಗ ಮನೆಯಲ್ಲಿ ದೇವರ ಜಗಲಿಯ ಮೇಲೆ ಇದೆ, ನಾನು ಮೂರು ಹೊತ್ತು ಉಣ್ಣುತ್ತೇನೆ. ಆದರೆ ಕಾಕಾನನ್ನು ನಾನು ಬಲ್ಲೆ. ಅವನು ಒಲ್ಲೆ ಅಂದರೆ ಒಲ್ಲೆ. ಬೆಳಗಾವಿ ದವಾಖಾನೆಯಲ್ಲಿ ಆಪರೇಷನ್ ಆಗಿ ಮಲಗಿದ್ದಾಗಲೂ ನರ್ಸ್‌ಗೆ ಒಲ್ಲೆ ಅಂದು, ಪೂಜೆ ಮುಗಿಸಿಯೇ ಗುಳಿಗೆ ನುಂಗಿದವನು. ನಾಲ್ಕು ದಿನ ಎಂದರೆ ಅವನು ನಾಲ್ಕು ದಿನವೂ ಹಾಗೇ ಇರುತ್ತಾನೆ. ಇಲ್ಲವೇ ನಡುವೆ ಎಲ್ಲೋ ಬೀಳುತ್ತಾನೆ.

ಸುನಿಲ್ ಉಳಿದವರನ್ನು ಮುಂದಿನ ಸ್ಟೇಷನ್ ಇದಲ್ಗಶಿನ್ನಕ್ಕೆ ಕರೆದುಕೊಂಡು ಹೋದ. ಇನ್ನೊಂದು ಗಾಡಿ ಯಾವಾಗ ಬರುತ್ತದೆ ಎಂದು ನಮಗೆ ಎರಡೆರಡು ಸಲ ಹೇಳಿ ಹೋದ. ನಾನು ಮತ್ತು ದಾದಾಪೀರ ಕಾಕಾನ ಹಿಂದೆ ಓಡಿದೆವು.

ಸುರಂಗದ ಬಾಯಿ

ಮೊಬೈಲ್ ಬ್ಯಾಟರಿಯ ಬೆಳಕಿನಲ್ಲಿ ಸುರಂಗವನ್ನೆಲ್ಲ ಹುಡುಕಿದೆವು. ಕಾಕಾ ನಿಂತಿದ್ದ ಗೂಡು, ಅದರ ಕೆಳಗಿನ ಗಟಾರ, ಸ್ಲೀಪರುಗಳ ನಡುವಿನ ಖಡಿ. ದಾದಾಪೀರ ಗಟಾರದ ಕೆಸರಿನಲ್ಲಿ ಮೊಣಕೈವರೆಗೆ ಕೈ ಆಡಿಸಿದ. ಒಂದು ಬಾಟಲಿ ಮುಚ್ಚಳ, ಒಂದು ಮೊಳೆ, ಯಾರದೋ ಚಪ್ಪಲಿಯ ಉಂಗುಷ್ಟದ ಪಟ್ಟಿ ಸಿಕ್ಕವು.

"ಕಾಕಾ, ಲಾರಿ ಕೀಲಿ ಕಳಕೊಂಡ್ರೂ ನಾ ಇಷ್ಟು ಹುಡುಕಿಲ್ಲ ನೋಡ್ರಿ," ಅಂದ.

ಕಾಕಾ ನಗಲಿಲ್ಲ. ಖಡಿಯ ಮೇಲೆ ಮೊಣಕಾಲೂರಿ ಕಲ್ಲು ಕಲ್ಲನ್ನೇ ಮುಟ್ಟಿ ನೋಡುತ್ತಿದ್ದ.

ಹೊರಗೆ ಬಂದಾಗ ಒಂದು ವಿಚಿತ್ರ ಕಂಡಿತು. ಮೊದಲು ದಾಟುವಾಗ ನಾವು ಗಮನಿಸಿರಲಿಲ್ಲ. ಸುರಂಗದ ಬಾಯಿಯ ಪಕ್ಕದ ಮರಕ್ಕೆ ತಂತಿ ಬಿಗಿದು, ಅದರ ತುಂಬ ಸಾಮಾನು ನೇತುಹಾಕಿದ್ದರು. ಮುರಿದ ಛತ್ರಿ, ಛಲೋ ಛತ್ರಿ, ಕೂಸಿನ ಒಂದು ಬೂಟು, ಟಿಫಿನ್ ಡಬ್ಬಿ, ಕನ್ನಡಕ. ಹಳಿಯ ಮೇಲೆ ಏನಾದರೂ ಸಿಕ್ಕರೆ ಅಲ್ಲಿಯವರು ತಂದು ಅಲ್ಲಿ ತೂಗುಹಾಕುತ್ತಾರಂತೆ. ಕಳೆದುಕೊಂಡವರು ಇವತ್ತಲ್ಲ ನಾಳೆ ಅದೇ ದಾರಿಯಲ್ಲಿ ಬರಲೇಬೇಕು, ಬಂದು ಬಿಚ್ಚಿಕೊಂಡು ಹೋಗುತ್ತಾರೆ. ಕನ್ನಡಕದ ಮೇಲೆ ಪಾಚಿ ಕಟ್ಟಿತ್ತು. ಯಾರೂ ಒಯ್ದಿಲ್ಲ, ಯಾರೂ ಕದ್ದೂ ಇಲ್ಲ. ನಮ್ಮ ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ಛಲೋ ಛತ್ರಿ ಹೀಗೆ ನೇತುಹಾಕಿದರೆ ಚಹಾ ಕುಡಿದು ಬರುವುದರೊಳಗೆ ಮರವೂ ಇರುವುದಿಲ್ಲ.

ಕಾಕಾ ತಂತಿಯ ಉದ್ದಕ್ಕೂ ನೋಡಿದ. ಕರಡಿಗೆ ಇರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತ.

"ನೀವಿಬ್ರೂ ಹೋಗ್ರಿ. ನಾ ಇಲ್ಲೇ ಕುಂಡ್ರತೇನಿ."

"ಯಾಕ, ಇಲ್ಲೇ ಗ್ಯಾಂಗ್‌ಮನ್ ನೌಕರಿ ಹತ್ತಿತೇನು ನಿನಗ?" ಎಂದೆ.

ಆಗ ಇಬ್ಬರು ಬಂದರು. ಸುತ್ತಿಗೆ, ಕೆಂಪು ಹಸಿರು ಬಾವುಟ, ಹೆಗಲ ಮೇಲೆ ಚೀಲ. ಅವರೂ ಗ್ಯಾಂಗ್‌ಮನ್‌ಗಳೇ. ಅದರಲ್ಲಿ ಒಬ್ಬನಿಗೆ ತಮಿಳು ಬರುತ್ತಿತ್ತು. ದಾದಾಪೀರ ಎಲ್ಲ ಹೇಳಿದ. ಬೆಳ್ಳಿ ಕರಡಿಗೆ ಎಷ್ಟು ದೊಡ್ಡದೆಂದು ಮುಷ್ಟಿ ಮಾಡಿ ತೋರಿಸಿದ. ಬೆಳ್ಳಿ ಎಂದಾಗ ಆ ಮನುಷ್ಯ ಹೂಂ ಎನ್ನಲಿಲ್ಲ, ಒಳಗೆ ಶಿವ ಇದ್ದಾನೆ ಎಂದಾಗ ಹೌದೆಂದು ತಲೆ ಆಡಿಸಿದ. ಗಾಡಿ ಹೋದ ಮೇಲೆ ಕಟ್ಟಿಗೆ ಹೊತ್ತ ಹೆಂಗಸರು ಸುರಂಗದಿಂದ ಹೊರಬಂದರು, ಅವರಲ್ಲಿ ಲೆಚ್ಚಮಿ ಎಂಬಾಕೆ ಹೊರೆ ಕೆಳಗೆ ಹಾಕಿ ಅಳುತ್ತಿದ್ದಳು, ಕೈಯಲ್ಲಿ ಏನೋ ಇತ್ತು ಎಂದು ಹೇಳಿದ. ತಂತಿಗೆ ಯಾಕೆ ಕಟ್ಟಲಿಲ್ಲ ಎಂದು ತಾನು ಕೇಳಿದ್ದಕ್ಕೆ, ಸಾಮಿಯನ್ನು ಛತ್ರಿಯ ಪಕ್ಕ ಕಟ್ಟಲೇ ಎಂದು ತಿರುಗಿ ಕೇಳಿದಳಂತೆ.

ಕಾಕಾ ಎದ್ದು ನಿಂತ. ಆ ಗ್ಯಾಂಗ್‌ಮನ್ ಕೆಲಸ ಜೊತೆಗಾರನಿಗೆ ಒಪ್ಪಿಸಿ, ತಾನೇ ಮುಂದೆ ನಡೆದು ಬೆಟ್ಟದ ಕಾಲುದಾರಿ ತೋರಿಸಿದ. ಯಾರೂ ಅವನಿಗೆ ಬಾ ಎಂದಿರಲಿಲ್ಲ.

ಲೈನ್ ಮನೆಗಳು

ದಾರಿ ಚಹಾ ತೋಟದ ನಡುವೆ ನೆಟ್ಟಗೆ ಮೇಲಕ್ಕಿತ್ತು. ಕಾಕಾ ಎರಡು ಸಲ ನಿಂತ. ಎರಡನೆಯ ಸಲ ಚಹಾ ಗಿಡ ಹಿಡಿದುಕೊಂಡು ನಿಂತ. ನಾನು ಬಾಟಲಿ ತೆಗೆಯಲಿಲ್ಲ. ತೆಗೆದರೆ ಒಲ್ಲೆ ಎನ್ನಲೂ ಅವನು ಉಸಿರು ಖರ್ಚು ಮಾಡಬೇಕಿತ್ತು.

ಮೇಲೆ ತೋಟದ ಕೆಲಸಗಾರರ ಮನೆಗಳು. ಒಂದಕ್ಕೊಂದು ಅಂಟಿದ ಉದ್ದನೆಯ ಸಾಲು, ತಗಡಿನ ಮಾಡು. ದಾಂಡೇಲಿಯ ಹಳೆಯ ಮಿಲ್ ಚಾಳುಗಳಿದ್ದ ಹಾಗೆ. ಅವರು ಅದನ್ನು ಲೈನ್ ಎನ್ನುತ್ತಾರೆ. ಸಾಲಿನ ತುದಿಗೆ ಮರದ ಬುಡದಲ್ಲಿ ಚಿಕ್ಕ ಗುಡಿ, ಅದರಲ್ಲಿ ಕಲ್ಲಿನ ಗಣಪ. ಗಣಪನ ಮುಂದೆ ಬಾಳೆಯ ಎಲೆ, ಎಲೆಯ ಮೇಲೆ ಕಾಕಾನ ಲಿಂಗ. ಹಾಲು ಹಾಕಿ ತೊಳೆದಿದ್ದರು. ವಿಭೂತಿ ಹಚ್ಚಿ, ಮೇಲೆ ಕೆಂಪು ಹೂವು ಇಟ್ಟಿದ್ದರು. ಕರ್ಪೂರದ ವಾಸನೆ ಇನ್ನೂ ಇತ್ತು. ಕರಡಿಗೆ, ದಾರ ಎರಡನ್ನೂ ತೊಳೆದು ಪಕ್ಕದಲ್ಲಿ ಒಣಗಲು ಇಟ್ಟಿದ್ದರು. ಐದಾರು ಹೆಂಗಸರು ಸುತ್ತ ಕುಳಿತಿದ್ದರು.

ಲೆಚ್ಚಮಿ ನನ್ನ ಅಕ್ಕನ ವಯಸ್ಸಿನವಳು. ಸಣ್ಣ ಮೈ, ಬರಿಗಾಲು. ದಾದಾಪೀರ ನಾವು ಯಾರೆಂದು ಹೇಳುತ್ತಿದ್ದ ಹಾಗೆ ಆಕೆ ಗಲ್ಲ ಗಲ್ಲ ಬಡಿದುಕೊಂಡು ಒಂದೇ ಉಸಿರಿಗೆ ಮಾತಾಡಿದಳು.

"ಏನಂತಾಳ?" ಎಂದು ಕಾಕಾ ಕೇಳಿದ.

"ಕತ್ತಲಾಗ ತಲೀಮ್ಯಾಲ ಹೊರೀ ಇತ್ತಂತ. ಕಾಲಿಗೆ ತಣ್ಣಗ ಏನೋ ಹತ್ತಿತಂತ. ಹೊರಗ ಬಂದು ತಗದು ನೋಡಿದ್ರ ಸಾಮಿ. ತುಳದುಬಿಟ್ಟೆ ಅಂತ ಅಳಾಕತ್ತಾಳ ಕಾಕಾ. ಪಾಪ ಹತ್ತತೈತೇನು ಅಂತ ಕೇಳಾಕತ್ತಾಳ."

"ಕೆಡವಿದಾಂವ ನಾನು, ಎತ್ತಿದಾಕಿ ಅಕಿ. ಪಾಪ ಯಾರಿಗೆ ಹತ್ತಬೇಕು ನೀನ ಹೇಳು ಅನ್ನು."

ದಾದಾಪೀರ ಹೇಳಿದ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಸ್ವಲ್ಪ ನಕ್ಕಳು ಕೂಡ.

"ಸಿಕ್ಕಿತಲ್ಲ, ಎತ್ಕೊ ಕಾಕಾ. ಪೂಜಾ ಮಾಡಿ ನೀರು ಕುಡಿ, ಹೋಗೂಣು," ಎಂದೆ.

ಕಾಕಾ ಕದಲಲಿಲ್ಲ. "ಹಂಗ ಎತ್ಕೊಳ್ಳಾಕ ಬರೂದಿಲ್ಲಲೇ."

"ಮತ್ತೇನಾತು?"

"ಮೈಮ್ಯಾಲಿಂದ ಬಿದ್ದದ್ದು ನಾನ ಬಗ್ಗಿ ಎತ್ಕೊಂಡು ಕಟ್ಕೊಂಡ್ರ ಅದು ಬರೇ ಕಲ್ಲು. ಕೈಯಾಗ ಕೊಡಾವ್ರು ಬೇಕು. ಸಣ್ಣಾಂವ ಇದ್ದಾಗ ಮಠದಾಗ ಅಜ್ಜಾರು ಕೈಯಾಗ ಇಟ್ಟಿದ್ರು."

"ಅಜ್ಜಾರು ಹಳಿಯಾಳದಾಗ ಅದಾರ."

"ಅದಾರ."

"ಹಂಗಾರ ಇಲ್ಲೀತನ ಬಂದಿದ್ದು ಯಾಕ ನಾವು? ದೂರ ನಿಂತು ನೋಡಾಕೇನು?"

ಅವನು ಲಿಂಗದ ಕಡೆ ನೋಡುತ್ತಿದ್ದ, ನನ್ನ ಕಡೆ ಅಲ್ಲ. ನಾನು ಜೋರಾಗಿಯೇ ಹೇಳಿದೆ, ಹೀಗೇ ಇದ್ದರೆ ಊರು ಮುಟ್ಟುವ ಮೊದಲು ಸಾಯುತ್ತೀ ಎಂದು. ಹೆಂಗಸರಿಗೆ ಮಾತು ಗೊತ್ತಾಗದಿದ್ದರೂ ದನಿ ಗೊತ್ತಾಯಿತು. ಲೆಚ್ಚಮಿ ದಾದಾಪೀರನನ್ನು ಏನೆಂದು ಕೇಳಿದಳು. ಅವನು ನಮ್ಮನ್ನು ಕೇಳದೆ ಎಲ್ಲವನ್ನೂ ಹೇಳಿಬಿಟ್ಟ. ಲಿಂಗ, ಗುರು, ನೀರು, ನಾಲ್ಕು ದಿನ, ಎಲ್ಲ.

ಆಕೆ ಕಾಕಾನನ್ನು ಮೇಲಿಂದ ಕೆಳಗೆ ನೋಡಿದಳು. ಪ್ರಶ್ನೆ ಕೇಳಿದಳು.

"ತಾವಾ ಬಿಚ್ಚಿ ಒಗದ್ರೋ, ತಾನಾ ಬಿತ್ತೋ ಅಂತ ಕೇಳ್ತಾಳ."

"ಬಿತ್ತು."

ಆಕೆ ಏನೋ ಅಂದಳು. ಉಳಿದ ಹೆಂಗಸರು ಹೌದು ಹೌದೆಂದು ತಲೆ ಆಡಿಸಿದರು.

"ಹಂಗಾರ ಸಾಮಿ ಬಿಟ್ಟು ಹೋಗಿಲ್ಲ, ಒಂಚೂರು ಇಳದಾನ ಅಷ್ಟ ಅಂತಾಳ. ನಿಮ್ಮ ಗುರು ಕೈಯಾಗ ಇಡೂದು ಬಿಟ್ಟು ಬ್ಯಾರೆ ಏನರ ಮಾಡ್ತಾರೇನು ಅಂತಾಳ."

"ಕಿವಿಯಾಗ ಮಂತ್ರ ಹೇಳ್ತಾರ," ಎಂದ ಕಾಕಾ.

"ಮಂತ್ರ ಮರತೀರೇನು ಅಂತಾಳ."

"ಇಲ್ಲ."

"ಹಂಗಾರ ಅದನ್ನ ಮತ್ತ ಹೇಳೂದ್ಯಾಕ, ಬರೇ ಕೈಯಾಗ ಇಡೂದು ಉಳೀತು ಅಂತಾಳ."

ಆಕೆ ಕಾಕಾನ ಉತ್ತರಕ್ಕೆ ಕಾಯಲಿಲ್ಲ. ನಲ್ಲಿಗೆ ಹೋಗಿ ಕೈ ತೊಳೆದಳು, ಕಾಲು ತೊಳೆದಳು. ಕಾಲನ್ನು ಬಹಳ ಹೊತ್ತು ತೊಳೆದಳು. ಬಂದು, ಎರಡೂ ಕೈಯಿಂದ ಲಿಂಗ ಎತ್ತಿ ಕಾಕಾನ ಮುಂದೆ ನಿಂತು ಕೈ ಚಾಚು ಎಂದಳು. ಅಷ್ಟು ತಮಿಳು ನನಗೂ ತಿಳಿಯಿತು.

ಕಾಕಾ ಎಡಗೈ ಚಾಚಿದ.

ಆಕೆ ತಟ್ಟನೆ ನಿಂತಳು. ಹೆಂಗಸರೆಲ್ಲ ಒಟ್ಟಿಗೆ ಮಾತಾಡಿದರು.

"ಎಡಗೈಯಾಗ ಸಾಮಿನ್ನ ಇಡೂದಿಲ್ಲಂತ ಕಾಕಾ. 'ಆ ಕೈ ತೆಗಿ' ಅಂತಾಳ."

"ನಮ್ಮದು ಎಡಗೈಯಾಗನ. ಬಲಗೈ ಪೂಜಾ ಮಾಡಾಕ ಬೇಕಲ್ಲ. ಎಡಗೈನ ಗುಡಿ, ಬಲಗೈ ಪೂಜಾರಿ. ಹೇಳು ಅಕಿಗೆ."

ದಾದಾಪೀರ ಹೇಳಿದ. ಆಕೆ ಯೋಚನೆ ಮಾಡಿದಳು. ತನ್ನ ಗಣಪನ ಕಡೆ ನೋಡಿದಳು, ತಗಡಿನ ಮಾಡು ನೋಡಿದಳು, ಕಾಕಾನ ಅಂಗೈ ನೋಡಿದಳು. ಆಮೇಲೆ ಸರಿ ಎಂದು ಲಿಂಗವನ್ನು ಎಡಗೈಯಲ್ಲಿ ಇಟ್ಟಳು.

ಕಾಕಾ ಅಲ್ಲೇ ನೆಲದ ಮೇಲೆ ಕುಳಿತ. ಯಾರೋ ಚಾಪೆ ತಂದರು, ಅಷ್ಟರಲ್ಲಿ ಅವನು ಕಣ್ಣು ಮುಚ್ಚಿದ್ದ. ಅವನು ಪೂಜೆ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾವತ್ತೂ ನಿಂತು ನೋಡಿರಲಿಲ್ಲ. ಆ ಹೆಂಗಸರು ನೋಡುತ್ತಿದ್ದರಿಂದ ನಾನೂ ನೋಡಿದೆ. ಗಂಟೆ ಇಲ್ಲ, ಪೂಜಾರಿ ಇಲ್ಲ. ಒಬ್ಬ ಮುದುಕ ತನ್ನ ಅಂಗೈ ನೋಡುತ್ತಾ ಕುಳಿತಿದ್ದಾನೆ. ಇಷ್ಟೇ. ಮೋಡ ಬಂತು, ಎದುರಿನ ಚಹಾ ಗಿಡ ಕಾಣದಾದವು, ಹೋಯಿತು.

ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ. ಎದ್ದು ಲೆಚ್ಚಮಿಯ ಮುಂದೆ ಬಂದು ಬಗ್ಗಿ ಹಣೆ ನೆಲಕ್ಕೆ ಹಚ್ಚಿದ. ಆಕೆ ಹಾವು ಕಂಡವಳ ಹಾಗೆ ಹಿಂದಕ್ಕೆ ಹಾರಿದಳು. ಕಾಕಾನ ಮಗಳಿಗಿಂತ ಸಣ್ಣವಳು ಆಕೆ.

"ಅಕಿ ಕೈಯಾಗಿನ ನೀರು ಕೊಡಾಕ ಹೇಳು," ಎಂದ ಕಾಕಾ.

ಆಕೆ ಹಿತ್ತಾಳೆ ಚೊಂಬಿನಲ್ಲಿ ತಂದು ಕೊಟ್ಟಳು. ಕಾಕಾ ಚೊಂಬು ಎತ್ತಿ ಕುಡಿದ. ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ನಾನು ಬೇರೆ ಕಡೆ ನೋಡಿದೆ. ದಾದಾಪೀರ ಉಂಬಳ ಕೀಳುವ ನೆಪ ಮಾಡಿ ಕೆಳಗೆ ಕುಳಿತಿದ್ದ.

ಆಮೇಲೆ ಊಟ. ತೆಂಗಿನಕಾಯಿ ತುರಿ ಹಾಕಿದ ದಪ್ಪ ರೊಟ್ಟಿ, ಕೆಂಪಗೆ ಖಾರವಾದ ಕಾಯಿ ಚಟ್ನಿ. ನಾನು ಎಷ್ಟು ತಿಂದೆ ಎಂದು ಬರೆಯುವುದಿಲ್ಲ. ಕಾಕಾ ತನ್ನ ಬುತ್ತಿ ಬಿಚ್ಚಿ ಒಣಗಿ ಗಟ್ಟಿಯಾದ ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ ಅವರಿಗೆ ಕೊಟ್ಟ. ಲೆಚ್ಚಮಿ ರೊಟ್ಟಿಯನ್ನು ಬೆರಳಿಂದ ಬಡಿದು ಸದ್ದು ಕೇಳಿದಳು. ಇದನ್ನು ತಿನ್ನುತ್ತೀರೋ ಮಾಡಿಗೆ ಹೊದಿಸುತ್ತೀರೋ ಎಂದು ಕೇಳಿದಳಂತೆ. ದಾದಾಪೀರ ಹೇಳಿದಾಗ ಕಾಕಾ ಲಿಂಗ ಕಳೆದ ಮೇಲೆ ಮೊದಲ ಸಲ ನಕ್ಕ. ಚಟ್ನಿ ಪುಡಿ ಮಾತ್ರ ಅವರು ಕೈಯಲ್ಲಿ ಸುರುವಿಕೊಂಡು ಹಾಗೇ ನೆಕ್ಕಿ ಮುಗಿಸಿದರು.

ನಮ್ಮನ್ನು ಕರೆತಂದ ಗ್ಯಾಂಗ್‌ಮನ್ ಊಟ ಮಾಡದೆ ಆಗಲೇ ಹೋಗಿಬಿಟ್ಟಿದ್ದ. ಹೆಸರು ಕೇಳುವುದು ನಮಗೆ ಹೊಳೆದಿರಲಿಲ್ಲ.

ಇದಲ್ಗಶಿನ್ನ

ಇಳಿಯುವ ದಾರಿ ಸುಲಭ. ಹಳಿಗೆ ಬಂದು ಸ್ಟೇಷನ್ ಕಡೆ ನಡೆದೆವು. ಕಾಕಾ ಮುಂದೆ, ನಾವು ಹಿಂದೆ. ಮೋಡ ಪೂರ್ತಿ ಸರಿದಿತ್ತು. ಬೆಟ್ಟದ ಎರಡೂ ಕಡೆಯ ಬಯಲು ಒಟ್ಟಿಗೆ ಕಾಣುವ ಒಂದು ಜಾಗ ಇದೆ ಅಲ್ಲಿ. ಹಳಿ ಬೆಟ್ಟದ ಬೆನ್ನಿನ ಮೇಲೇ ಹೋಗುತ್ತದೆ. ಅಷ್ಟು ಚಂದದ್ದು ನಾನು ನೋಡಿಲ್ಲ. ನಮ್ಮ ಕಡೆಯೂ ನೋಡಿಲ್ಲ, ಸುಳ್ಳು ಯಾಕೆ ಹೇಳಲಿ.

ಸ್ಟೇಷನ್‌ನಲ್ಲಿ ಶೆಟ್ಟರು ಬೆಂಚಿನ ಮೇಲೆ ಬೂಟು ಬಿಚ್ಚಿ ಕುಳಿತಿದ್ದರು. ಕಾಕಾನ ಎದೆಯ ಮೇಲೆ ಕರಡಿಗೆ ನೋಡಿ ಎದ್ದು ಬಂದರು. ಅವರಿಗೂ ಖುಷಿಯೇ ಆಗಿತ್ತು.

"ಸಿಕ್ಕತಲ್ಲ, ಭಾಳ ಛಲೋ ಆತು. ಊರಿಗೆ ಹೋದ ಕೂಡಲೆ ಮಠಕ್ಕ ಹೋಗಿ ಅಜ್ಜಾರ ಕಡಿಂದ ಕೈಯಾಗ ಇಡಿಸ್ಕೊಂಡುಬಿಡ್ರಿ ಕಾಕಾ."

"ಇಡಿಸ್ಕೊಂಡೇನ್ರಿ."

"ಯಾರ ಕಡಿಂದ?"

"ಲೆಚ್ಚಮಿ ಅಂತ ಒಬ್ಬಾಕಿ. ಚಹಾ ತೋಟದಾಗ ಎಲೀ ಬಿಡಿಸ್ತಾಳ."

ಶೆಟ್ಟರು ನನ್ನ ಕಡೆ ನೋಡಿದರು. ನಾನು ಹಳಿಯ ಕಡೆ ನೋಡಿದೆ. ಅವರು ದನಿ ತಗ್ಗಿಸಿದರು.

"ಅಕಿ ಯಾವ ಜಾತಿ ಪೈಕಿ ಅಂತ ಕೇಳಿದ್ರೇನು?"

"ಇಲ್ಲರಿ," ಎಂದ ಕಾಕಾ. "ಅಕಿನೂ ನನ್ನ ಕೇಳ್ಲಿಲ್ಲ."

ಗಾಡಿ ಬಂತು. ಹತ್ತಿದೆವು. ಆಮೇಲೆ ಕಮಾನಿನ ಸೇತುವೆ, ಬುದ್ಧನ ಗುಡಿ, ಸಮುದ್ರ ಎಲ್ಲ ನೋಡಿದೆವು. ಅವನ್ನು ಬರೆಯಲು ಬೇರೆ ಮಂದಿ ಇದ್ದಾರೆ. ನನಗೆ ಹೇಳುವುದು ಇಷ್ಟೇ ಇತ್ತು.